ಬಿಡ್ತು ಅನ್ನು

ಹೋದ ವರ್ಷ ಅಪ್ಪನ ಎದೆಗೆ ಸ್ಟೆಂಟ್ ಹಾಕಿಸಿ ಊರಿಗೆ ಕರೆತಂದು ಮೂರು ವಾರವಾಗಿತ್ತು. ತೆಂಗಿನ ತೋಟಕ್ಕೆ ಹನಿ ನೀರಾವರಿ ಸಬ್ಸಿಡಿಗೆ ಅರ್ಜಿ ಹಾಕೋಣವೆಂದು ಪಹಣಿ ತೆಗೆಸಿದೆ. ಮಾಲೀಕರ ಕಾಲಂನಲ್ಲಿ ತಾತನ ಹೆಸರೇ ಇತ್ತು. ತಾತ ತೀರಿಕೊಂಡದ್ದು 2006ರ ಜನವರಿಯಲ್ಲಿ. ಅವರ ತಿಥಿಯನ್ನು ವರ್ಷ ತಪ್ಪದೆ ಮಾಡುತ್ತೇವೆ. ಆದರೆ ಕಂದಾಯ ಇಲಾಖೆಯ ಲೆಕ್ಕದಲ್ಲಿ ಆ ಮೂರೂವರೆ ಎಕರೆಗೆ ಇವತ್ತಿಗೂ ಅವರೇ ಒಡೆಯರು.

"ಅಪ್ಪಾ, ಇದನ್ನ ಯಾಕೆ ಹಿಂಗೇ ಬಿಟ್ಟಿದ್ದೀಯ? ನಾಳೆ ನಿಂಗೇನಾದ್ರೂ ಆದ್ರೆ..."

ಮಾತು ಮುಗಿಯುವ ಮೊದಲೇ ಅಡುಗೆಮನೆಯಿಂದ ಅಮ್ಮನ ದನಿ ಬಂತು. "ಬಿಡ್ತು ಅನ್ನು!"

"ಬಿಡ್ತು" ಅಂದೆ. ಅಪ್ಪ ಟಿವಿಯ ಸೌಂಡು ಹೆಚ್ಚಿಸಿದರು. ಅಲ್ಲಿಗೆ ವಿಷಯ ಮುಗಿಯಿತು.

ನನ್ನ ಪಿಎಚ್.ಡಿ. ಸಂಶೋಧನೆ ಹಳೆಯ ಮೈಸೂರು ಸಂಸ್ಥಾನದ ಆಸ್ತಿ ಕಾನೂನುಗಳ ಕುರಿತದ್ದು. ನಾಲ್ಕು ವರ್ಷಗಳಿಂದ ಬೇರೆಯವರ ಮನೆಯ ಪಾಲುಪಟ್ಟಿ, ತಕರಾರು, ದಾವೆಗಳನ್ನು ಓದುತ್ತಿದ್ದೇನೆ. ನಮ್ಮ ಮನೆಯಲ್ಲಿ ಮಾತ್ರ ಒಂದು ವಾಕ್ಯವನ್ನೂ ಪೂರ್ತಿ ಮಾಡಲಾಗಲಿಲ್ಲ. ಆ ರಾತ್ರಿ ನನ್ನನ್ನು ಕಾಡಿದ್ದು ಅಪ್ಪನ ಹಟವಲ್ಲ, ಒಂದು ಚರಿತ್ರೆಯ ಪ್ರಶ್ನೆ. ತಾತ ಅವರ ಅಪ್ಪನನ್ನು ಹೀಗೆ ಕೇಳಿರಲಾರರು, ಮುತ್ತಾತನೂ ಕೇಳಿರಲಾರರು. ಇಷ್ಟು ತಲೆಮಾರುಗಳು ಸಾವಿನ ನಂತರದ ಮಾತನ್ನು ಆಡದೆಯೇ ಹೇಗೆ ದಾಟಿಕೊಂಡು ಬಂದವು?

ಉತ್ತರ ಹುಡುಕಲು ಒಂಬೈನೂರು ವರ್ಷ ಹಿಂದಕ್ಕೆ, ಕಲ್ಯಾಣಕ್ಕೆ ಹೋಗಬೇಕು. ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣ ಆಗ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ರಾಜಧಾನಿ. ಅವನ ಆಳ್ವಿಕೆ 1076ರಿಂದ 1126ರವರೆಗೆ. ಆ ಕಾಲದಲ್ಲಿ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಸಂಸ್ಕೃತದಲ್ಲಿ ಬರೆದ ವ್ಯಾಖ್ಯಾನವೇ 'ಮಿತಾಕ್ಷರಾ'. ಬಂಗಾಳವೊಂದನ್ನು ಬಿಟ್ಟರೆ ಭಾರತದ ಬಹುಭಾಗದಲ್ಲಿ ಹಿಂದೂ ಕುಟುಂಬಗಳ ಆಸ್ತಿಯನ್ನು ಅಳೆದದ್ದು ಇದೇ ಪುಸ್ತಕ. ನಮ್ಮ ನೆಲದಲ್ಲಿ ಹುಟ್ಟಿದ ಗ್ರಂಥಗಳಲ್ಲಿ ಇಷ್ಟು ಮನೆಗಳ ಒಳಕ್ಕೆ ಹೊಕ್ಕದ್ದು ಮತ್ತೊಂದು ಇರಲಿಕ್ಕಿಲ್ಲ.

ಮಿತಾಕ್ಷರದ ತಿರುಳು ಒಂದು ಮಾತಿನಲ್ಲಿದೆ: ಹಕ್ಕು ಹುಟ್ಟಿನಿಂದ ಬರುತ್ತದೆ. ಮಗ ಹುಟ್ಟಿದ ಗಳಿಗೆಯಲ್ಲೇ ಪಿತ್ರಾರ್ಜಿತ ಆಸ್ತಿಯಲ್ಲಿ ತಂದೆಯ ಜೊತೆ ಪಾಲುದಾರ. ಯಾರೂ ತಡೆಯಲಾಗದ ಈ ಹಕ್ಕಿಗೆ ವಿಜ್ಞಾನೇಶ್ವರ ಕೊಟ್ಟ ಹೆಸರು ಅಪ್ರತಿಬಂಧ ದಾಯ. ಬಂಗಾಳದ ಜೀಮೂತವಾಹನ ತನ್ನ 'ದಾಯಭಾಗ'ದಲ್ಲಿ ಇದಕ್ಕೆ ಬೇರೆಯದೇ ದಾರಿ ಹಿಡಿದ. ಅಲ್ಲಿ ಮಗನಿಗೆ ಹಕ್ಕು ಬರುವುದು ತಂದೆ ತೀರಿಕೊಂಡ ಮೇಲೆಯೇ.

ಈ ವ್ಯತ್ಯಾಸದಿಂದ ಏನಾಯಿತು ನೋಡಿ. ಮಿತಾಕ್ಷರದ ಮನೆಯಲ್ಲಿ ತಂದೆ ತನ್ನ ನಂತರ ಯಾರಿಗೆ ಏನು ಎಂದು ಹೇಳಬೇಕಾಗಿಯೇ ಇರಲಿಲ್ಲ. ಹೇಳಿದರೂ ಕೂಡುಕುಟುಂಬದ ಆಸ್ತಿಯ ಮಟ್ಟಿಗೆ ಅದು ನಡೆಯುತ್ತಿರಲಿಲ್ಲ. ಅವನು ಸತ್ತರೆ ಅವನ ಭಾಗ ಉಳಿದ ಗಂಡಸರಲ್ಲಿ ತಾನಾಗಿ ಕರಗಿಹೋಗುತ್ತಿತ್ತು. ಮನೆಯಲ್ಲಿ ಮಾತಾಡಬೇಕಾದದ್ದನ್ನು ಕಾನೂನೇ ಮುಂಚಿತವಾಗಿ ಆಡಿ ಮುಗಿಸಿತ್ತು. ಹಾಗಾಗಿ ಮನೆಯವರು ಸುಮ್ಮನಿದ್ದರೂ ಆಸ್ತಿ ಎಲ್ಲಿಗೆ ಸೇರಬೇಕೋ ಅಲ್ಲಿಗೆ ಸೇರುತ್ತಿತ್ತು. ಸಾವಿನ ಮಾತೆತ್ತಿದರೆ ಬಿಡ್ತು ಅನ್ನಿಸುವ ರೂಢಿಗೆ ಆಗ ಯಾರೂ ದೊಡ್ಡ ಬೆಲೆ ತೆರಬೇಕಾಗಿರಲಿಲ್ಲ.

ಯಾರೂ ಅಂದೆ. ಅದು ಗಂಡಸರ ಮಟ್ಟಿಗಿನ ಮಾತು. ಹೆಂಗಸರ ಲೆಕ್ಕ ಬೇರೆ. ಮಿತಾಕ್ಷರ ಅವರನ್ನು ಪೂರ್ತಿ ಮರೆತಿರಲಿಲ್ಲ ಎಂಬುದೂ ನಿಜ. ಗಂಡುಮಕ್ಕಳಿಲ್ಲದೆ, ಪಾಲಾಗಿ ಬೇರೆಯಿದ್ದವನ ಆಸ್ತಿ ಮೊದಲು ಹೆಂಡತಿಗೆ ಹೋಗಬೇಕೆಂದು ವಿಜ್ಞಾನೇಶ್ವರ ವಾದಿಸಿದ. ಪಾಲಾಗುವಾಗ ತಾಯಿಗೆ ಭಾಗ ಹೇಳಿದ, ಮದುವೆಯಾಗದ ತಂಗಿಗೆ ಕಾಲು ಭಾಗ ಹೇಳಿದ. ಹೆಣ್ಣಿಗೆ ಬಂದ ಬಹುತೇಕ ಎಲ್ಲ ಸ್ವತ್ತನ್ನೂ ಸ್ತ್ರೀಧನವೆಂದು ಕರೆದ. ಆದರೆ ಹುಟ್ಟಿನ ಹಕ್ಕು ಮಾತ್ರ ಗಂಡಿನದೇ ಆಗಿ ಉಳಿಯಿತು.

ಇನ್ನೊಂದು ಸಂಗತಿ ನನಗೆ ಓದುವಾಗ ಬೆರಗು ತಂದಿತ್ತು. ತಂದೆ ಬದುಕಿರುವಾಗಲೇ ಪಾಲಾಗುವ ಸಂದರ್ಭಗಳನ್ನು ಮಿತಾಕ್ಷರ ಪಟ್ಟಿ ಮಾಡುತ್ತದೆ. ತಂದೆಗೇ ಮನಸ್ಸು ಬಂದಾಗ ಒಂದು. ತಾಯಿಗೆ ಮಕ್ಕಳಾಗುವ ವಯಸ್ಸು ದಾಟಿ, ತಂದೆಗೆ ಸಂಸಾರದ ಆಸೆ ತೀರಿದಾಗ ಇನ್ನೊಂದು. ತಂದೆ ದೀರ್ಘ ಕಾಯಿಲೆಯಲ್ಲಿ ಬಿದ್ದಾಗ ಅವನು ಒಪ್ಪದಿದ್ದರೂ ಪಾಲು ಮಾಡಬಹುದು. ಅಂದರೆ ಅಪ್ಪ ಅಮ್ಮನಿಗೆ ವಯಸ್ಸಾದಾಗ ಕೂತು ಲೆಕ್ಕ ಮಾಡುವುದು ಹೊಸ ಕಾಲದ ಮಕ್ಕಳ ಅವಸರವಲ್ಲ. ನಮ್ಮ ಹಳೆಯ ಪುಸ್ತಕವೇ ಅದಕ್ಕೆ ಜಾಗ ಬಿಟ್ಟಿತ್ತು.

ಕರಾವಳಿಯ ಅಳಿಯಸಂತಾನದ ಮನೆಗಳಲ್ಲಿ ಲೆಕ್ಕ ತಿರುಗುಮುರುಗು. ಅಲ್ಲಿ ಕುಟುಂಬ ಹೆಣ್ಣಿನ ಕಡೆಯಿಂದ ಬೆಳೆಯುತ್ತಿತ್ತು. ಆದರೆ ಅಲ್ಲೂ ಆಸ್ತಿ ಒಬ್ಬರದ್ದಲ್ಲ, ಕುಟುಂಬದ್ದು. ಒಬ್ಬರು ಹೋದರೆ ಉಳಿದವರದ್ದು. ಅಲ್ಲಿಯೂ ಯಾರೂ ಯಾರನ್ನೂ ಕೇಳಬೇಕಾಗಿರಲಿಲ್ಲ.

ಈ ವ್ಯವಸ್ಥೆಯೊಳಗೆ ಉಯಿಲು ಬಂದದ್ದು ಬ್ರಿಟಿಷರ ಕಾಲದಲ್ಲಿ. ಉಯಿಲು ಎಂಬ ಶಬ್ದವೇ ಇಂಗ್ಲಿಷಿನ ವಿಲ್. ನಾವು ನಾಲಿಗೆಗೆ ಒಗ್ಗಿಸಿಕೊಂಡಿದ್ದೇವೆ. ಉತ್ತರ ಕರ್ನಾಟಕದವರು ಮೃತ್ಯುಪತ್ರ ಎನ್ನುತ್ತಾರೆ, ಪುಸ್ತಕದ ಕನ್ನಡ ಮರಣಶಾಸನ ಎನ್ನುತ್ತದೆ. ಎರಡೂ ಕೇಳಿದರೆ ಎದೆ ಝಲ್ಲೆನ್ನುವ ಪದಗಳೇ. ಅಕ್ಕಪಕ್ಕದ ಶಬ್ದಗಳನ್ನೂ ಗಮನಿಸಿ. ಫೌತಿ, ವಾರಸುದಾರ, ಹಿಸ್ಸೆ ಇವೆಲ್ಲ ಅರಬ್ಬಿ, ಪಾರ್ಸಿ ಮೂಲದವು, ಕಚೇರಿಯಿಂದ ಮನೆಗೆ ಬಂದವು. ನಮ್ಮದೇ ಎನ್ನಬಹುದಾದ ಹಳೆಯ ಶಬ್ದ ದಾಯಾದಿ. ದಾಯವನ್ನು ಪಡೆಯುವವನು ಎಂದಷ್ಟೇ ಅದರ ಅರ್ಥ. ಇವತ್ತು ದಾಯಾದಿ ಅಂದರೆ ಜಗಳಗಂಟ. ಆಡದೆ ಉಳಿದ ಮಾತುಗಳು ಎಷ್ಟು ಮನೆಗಳಲ್ಲಿ ಕೋರ್ಟಿನ ಮೆಟ್ಟಿಲು ಹತ್ತಿದ್ದರೆ ಒಂದು ಶಬ್ದದ ಅರ್ಥ ಹೀಗೆ ಕೆಟ್ಟೀತು!

1810ರಲ್ಲಿ ಕೋಲ್‌ಬ್ರೂಕ್ ಕಲ್ಕತ್ತೆಯಲ್ಲಿ ಮಿತಾಕ್ಷರದ ದಾಯವಿಭಾಗವನ್ನೂ ಜೀಮೂತವಾಹನನ ದಾಯಭಾಗವನ್ನೂ ಇಂಗ್ಲಿಷಿಗೆ ತಂದ. ವ್ಯಾಖ್ಯಾನವಾಗಿದ್ದದ್ದು ನ್ಯಾಯಾಧೀಶರ ಕೈಯಲ್ಲಿ ಕಾನೂನಾಯಿತು. ವಿಜ್ಞಾನೇಶ್ವರ ಸ್ತ್ರೀಧನಕ್ಕೆ ಕೊಟ್ಟಿದ್ದ ವಿಶಾಲ ಅರ್ಥವನ್ನು ಲಂಡನ್ನಿನ ಪ್ರಿವಿ ಕೌನ್ಸಿಲ್ ಕಿರಿದು ಮಾಡಿತು. ವಿಧವೆಗೆ ಗಂಡನಿಂದ ಬಂದ ಆಸ್ತಿ ಬದುಕಿರುವವರೆಗೆ ಅನುಭವಿಸಲು ಮಾತ್ರ ಎಂದಾಯಿತು. ಇದೇ ಹೊತ್ತಿಗೆ ಕಲ್ಕತ್ತೆಯ ಶ್ರೀಮಂತ ಮನೆತನಗಳು ಉಯಿಲು ಬರೆಯತೊಡಗಿದ್ದವು. 1870ರಲ್ಲಿ ಹಿಂದೂ ವಿಲ್ಸ್ ಆ್ಯಕ್ಟ್ ಬಂತು. ಪ್ರಸನ್ನಕುಮಾರ ಟಾಗೋರ್ ಕ್ರೈಸ್ತನಾದ ತನ್ನ ಮಗನಿಗೆ ಏನೂ ಬಿಡದೆ ಬರೆದ ಉಯಿಲಿನ ವ್ಯಾಜ್ಯ 1872ರಲ್ಲಿ ಪ್ರಿವಿ ಕೌನ್ಸಿಲ್‌ವರೆಗೆ ಹೋಗಿ ಪ್ರಸಿದ್ಧವಾಯಿತು. ಉಯಿಲಿಗೆ ಮಗನನ್ನು ಹೊರಗಿಡುವ ಉಪಕರಣ ಎಂಬ ಕೆಟ್ಟ ಹೆಸರು ಅಂಟಿಕೊಂಡದ್ದು ಇಂಥ ಪ್ರಕರಣಗಳಿಂದಲೂ ಇರಬಹುದು. ನಮ್ಮೂರಿನಲ್ಲಿ ಈಗಲೂ "ಅವನು ವಿಲ್ ಬರೆಸವ್ನಂತೆ" ಎಂದರೆ, ಆ ಮನೆಯಲ್ಲಿ ಏನೋ ಸರಿಯಿಲ್ಲ ಎಂದೇ ಅರ್ಥ.

ಮೈಸೂರು ಸಂಸ್ಥಾನ ಒಂದು ವಿಷಯದಲ್ಲಿ ಮುಂದಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, 1933ರಲ್ಲಿ ಹಿಂದೂ ಮಹಿಳೆಯರ ಹಕ್ಕುಗಳ ಕಾಯ್ದೆ ಬಂತು. ಕುಟುಂಬ ಪಾಲಾಗುವಾಗ ತಾಯಿಗೆ, ವಿಧವೆಗೆ, ಮದುವೆಯಾಗದ ಹೆಣ್ಣುಮಕ್ಕಳಿಗೆ ಭಾಗ ಕೊಡಬೇಕೆಂದಿತು. ಬ್ರಿಟಿಷ್ ಭಾರತ ವಿಧವೆಯ ಹಕ್ಕಿನ ಕಾಯ್ದೆ ತಂದದ್ದು ಅದಾದ ನಾಲ್ಕು ವರ್ಷಕ್ಕೆ, 1937ರಲ್ಲಿ.

ದೊಡ್ಡ ತಿರುವು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ. ಅದರ 30ನೆಯ ಕಲಂ ಕೂಡುಕುಟುಂಬದಲ್ಲಿನ ತನ್ನ ಭಾಗವನ್ನು ಉಯಿಲಿನ ಮೂಲಕ ಕೊಡಲು ಮೊದಲ ಬಾರಿಗೆ ಅವಕಾಶ ಕೊಟ್ಟಿತು. ಅಳಿಯಸಂತಾನದ ಕುಟುಂಬ, ಕವರುಗಳನ್ನೂ ಅದೇ ಕಲಂ ಹೆಸರಿಸುತ್ತದೆ. ಉಯಿಲಿಲ್ಲದೆ ಸತ್ತವನ ಭಾಗಕ್ಕೆ ಹೆಂಡತಿ, ತಾಯಿ, ಗಂಡುಮಕ್ಕಳ ಜೊತೆಗೆ ಹೆಣ್ಣುಮಕ್ಕಳೂ ವಾರಸುದಾರರಾದರು. ಕರ್ನಾಟಕ 1994ರ ಜುಲೈ 30ರಿಂದ ಹೆಣ್ಣುಮಕ್ಕಳಿಗೂ ಹುಟ್ಟಿನ ಹಕ್ಕು ಕೊಟ್ಟಿತು, ಆದರೆ ಅಷ್ಟರೊಳಗೆ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ಆ ಬೇಲಿಯನ್ನೂ ತೆಗೆಯಿತು. ಸತ್ತವನ ಭಾಗ ಉಳಿದ ಗಂಡಸರಲ್ಲಿ ತಾನಾಗಿ ಕರಗುವ ಹಳೆಯ ಪದ್ಧತಿ ಅಲ್ಲಿಗೆ ಕೊನೆಗೊಂಡಿತು. ಆ ದಿನ ತಂದೆ ಬದುಕಿರಲೇಬೇಕೇ ಎಂಬ ಗೊಂದಲವನ್ನು 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಬಗೆಹರಿಸಿತು. ಬದುಕಿರಬೇಕಾಗಿಲ್ಲ, ಮಗಳ ಹಕ್ಕು ಅವಳ ಹುಟ್ಟಿನಿಂದಲೇ ಬಂದದ್ದು.

ಇವೆಲ್ಲದರ ನಡುವೆ ನಮ್ಮ ರಾಜ್ಯದಲ್ಲಿ ಮತ್ತೊಂದು ದೊಡ್ಡ ಸಂಗತಿ ನಡೆದಿತ್ತು. ದೇವರಾಜ ಅರಸರ ಭೂಸುಧಾರಣೆಯಲ್ಲಿ, 1974ರ ಮಾರ್ಚ್ 1ರಿಂದ, ಗೇಣಿದಾರರು ಫಾರಂ ನಂಬರ್ 7ರಲ್ಲಿ ಡಿಕ್ಲರೇಷನ್ ಕೊಟ್ಟು ಭೂ ನ್ಯಾಯಮಂಡಳಿಯಿಂದ ಜಮೀನು ಪಡೆದರು. ಉತ್ತವರು ಇಡೀ ಮನೆಯವರು, ಅರ್ಜಿಯಲ್ಲಿ ಹೆಸರು ಬಂದದ್ದು ಎಷ್ಟೋ ಮನೆಗಳಲ್ಲಿ ಹಿರಿಯನೊಬ್ಬನದು. ನಮ್ಮ ತಾತನ ಮೂರೂವರೆ ಎಕರೆಯಲ್ಲಿ ಒಂದೂಕಾಲು ಎಕರೆ ಬಂದದ್ದೂ ಹೀಗೆಯೇ. ಆ ಹೆಸರಿನ ಹಿಂದೆ ಯಾರ ಯಾರ ಬೆವರಿತ್ತು ಎಂಬುದು ಬಾಯಿಮಾತಿನಲ್ಲಿ ಉಳಿಯಿತು. ಬಾಯಿಮಾತು ಗೊತ್ತಿದ್ದವರು ಒಬ್ಬೊಬ್ಬರೇ ಹೋಗುತ್ತಿದ್ದಾರೆ.

ಹೀಗೆ ಎಪ್ಪತ್ತು ವರ್ಷದಲ್ಲಿ ನೆಲವೇ ಬದಲಾಗಿದೆ. ಬರೆದಿಡುವ ಸ್ವಾತಂತ್ರ್ಯ ಬಂದಿದೆ. ಪಾಲಿಗೆ ಬರುವವರು ಹೆಚ್ಚಿದ್ದಾರೆ. ಹಳೆಯ ಮೌನ ಮಾತ್ರ ಹಾಗೇ ಉಳಿದಿದೆ. ಒಂದು ಕಾಲದಲ್ಲಿ ಕಾನೂನು ನಮ್ಮ ಪರವಾಗಿ ಮಾತಾಡುತ್ತಿದ್ದುದರಿಂದ ನಾವು ಸುಮ್ಮನಿರಬಹುದಿತ್ತು. ಈಗ ನಾವು ಸುಮ್ಮನಿದ್ದರೆ ಪಹಣಿಯಲ್ಲಿ ಸತ್ತವರ ಹೆಸರು ನಿಲ್ಲುತ್ತದೆ. ರಾಜ್ಯದಲ್ಲಿ ಹೀಗೆ ತೀರಿಹೋದವರ ಹೆಸರಿನಲ್ಲೇ ಉಳಿದಿರುವ ಲಕ್ಷಾಂತರ ಜಮೀನುಗಳಿವೆ. ಅದಕ್ಕೇ ಸರ್ಕಾರ ಪೌತಿ ಖಾತೆ ಆಂದೋಲನವನ್ನೇ ನಡೆಸಬೇಕಾಗಿ ಬಂದಿದೆ.

ನಮ್ಮ ಮನೆಯಲ್ಲಿ ಈ ಮೌನದ ಬೆಲೆ ಕೊಟ್ಟವರು ಅತ್ತೆ, ಅಪ್ಪನ ಅಕ್ಕ. ಅವರ ಮದುವೆಯಾದದ್ದು 1984ರಲ್ಲಿ. ತಾತ ಹೋದ ಎರಡು ವರ್ಷಕ್ಕೆ, ಗೌರಿ ಹಬ್ಬಕ್ಕೆ ಬಂದಿದ್ದಾಗ, ದೊಡ್ಡಪ್ಪ ಒಂದು ಛಾಪಾ ಕಾಗದ ತಂದು ಮುಂದಿಟ್ಟರು. ಹಕ್ಕು ಬಿಡುಗಡೆ ಪತ್ರ. ಅತ್ತೆ ಓದಲಿಲ್ಲ. ಎಲ್ಲಿ ಎಂದು ಕೇಳಿ ಸಹಿ ಹಾಕಿದರು. ಬಾಗಿನದ ಜೊತೆ ರೇಷ್ಮೆ ಸೀರೆ ಕೊಟ್ಟರು. ನಾನಾಗ ಸಣ್ಣವಳು. ಅತ್ತೆ ಆ ಸೀರೆಯನ್ನು ಮಡಿಲಲ್ಲಿಟ್ಟುಕೊಂಡು ಬಸ್ಸು ಹತ್ತಿದ್ದು ಇನ್ನೂ ಕಣ್ಣಿನಲ್ಲಿದೆ. ಆಮೇಲೆ ಬೋರ್‌ವೆಲ್ ಯಾವ ಕಡೆಗೆ ಬರಬೇಕು ಎಂಬ ಮಾತಿನಲ್ಲಿ ದೊಡ್ಡಪ್ಪನಿಗೂ ಅಪ್ಪನಿಗೂ ಬಿಗುವಾಗಿ ಪಾಲೂ ನಿಂತಿತು, ಖಾತೆಯೂ ನಿಂತಿತು. ಅಜ್ಜಿಗೂ ಅದರಲ್ಲಿ ಭಾಗವಿತ್ತು. ಅದು ಅಜ್ಜಿಗೆ ಗೊತ್ತಾಗದೆಯೇ 2013ರಲ್ಲಿ ಅವರೂ ಹೋದರು.

ಪಹಣಿ ತೆಗೆಸಿದ ಮರುದಿನ ಆ ಕಾಗದವನ್ನು ಬೀರುವಿನಿಂದ ಹುಡುಕಿ ತೆಗೆದೆ. ನೋಟರಿ ಮೊಹರಿತ್ತು. ನೋಂದಣಿ ಆಗಿರಲಿಲ್ಲ. ಸ್ಥಿರಾಸ್ತಿಯ ಹಕ್ಕು ಬಿಟ್ಟುಕೊಡುವ ಪತ್ರ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾಗಿರಬೇಕು. ಅಂದರೆ ಅತ್ತೆಯ ಭಾಗ ಅತ್ತೆಗೇ ಉಳಿದಿದೆ. ಇದು ಅತ್ತೆಗೆ ಗೊತ್ತಿಲ್ಲ. ಗೊತ್ತಾಗದಿದ್ದರೆ ಲಾಭ ನನ್ನ ಅಪ್ಪನಿಗೆ, ನಾಳೆ ನನಗೆ, ನನ್ನ ತಮ್ಮನಿಗೆ. ಹೆಣ್ಣುಮಕ್ಕಳ ಆಸ್ತಿ ಹಕ್ಕಿನ ಮೇಲೆ ಅಧ್ಯಾಯ ಬರೆಯುತ್ತಿರುವ ನಾನು ಎರಡು ದಿನ ಆ ಕಾಗದವನ್ನು ಪುಸ್ತಕದೊಳಗೆ ಇಟ್ಟುಕೊಂಡು ಸುಮ್ಮನಿದ್ದೆ. ಸುಮ್ಮನಿರುವುದು ಎಷ್ಟು ಸುಲಭ ಎಂದು ಆಗ ತಿಳಿಯಿತು.

ಆಸ್ತಿಯದ್ದು ಹೀಗಾದರೆ ಕೊನೆಗಾಲದ ಚಿಕಿತ್ಸೆಯ ಮಾತು ಇನ್ನೂ ಕಷ್ಟ. ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿ ಏಳನೆಯ ಶತಮಾನದಿಂದಲೂ ಕೆತ್ತಿದ ನಿಸಿಧಿ ಶಾಸನಗಳಿವೆ. ವ್ರತ ಹಿಡಿದು, ತಿಳಿದೇ ಮರಣವನ್ನು ಎದುರುಗೊಂಡವರ ಹೆಸರುಗಳು ಅಲ್ಲಿವೆ. ಅದು ಧರ್ಮದ ದಾರಿ, ಆಸ್ಪತ್ರೆಯ ಪ್ರಶ್ನೆಗೆ ಅದು ಉತ್ತರವಲ್ಲ. ಆದರೂ ತಮ್ಮ ಸಾವಿನ ಬಗ್ಗೆ ತಾವೇ ಮಾತಾಡಿದ ಜನ ಈ ನೆಲದಲ್ಲಿದ್ದರು ಎಂಬುದಕ್ಕೆ ಸಾಕ್ಷಿ.

ನಮ್ಮ ಕಾಲದಲ್ಲಿ ಈ ಪ್ರಶ್ನೆಯನ್ನು ದೇಶದ ಮುಂದಿಟ್ಟದ್ದೂ ಕರ್ನಾಟಕದ ಹೆಣ್ಣುಮಗಳೊಬ್ಬಳ ಬದುಕು. ಹೊನ್ನಾವರದ ಬಳಿಯ ಹಳದೀಪುರದ ಅರುಣಾ ಶಾನಭಾಗ ಮುಂಬಯಿಯಲ್ಲಿ ನರ್ಸ್ ಆಗಿದ್ದವರು. 1973ರಲ್ಲಿ ನಡೆದ ದಾಳಿಯ ನಂತರ 2015ರ ಮೇ 18ರಂದು ಕಣ್ಣು ಮುಚ್ಚುವವರೆಗೆ, ನಲವತ್ತೊಂದು ವರ್ಷ, ಹಾಸಿಗೆಯಲ್ಲೇ ಉಳಿದರು. ಅವರ ಪರವಾಗಿ ಬಂದ ಅರ್ಜಿಯನ್ನು 2011ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಆದರೆ ಕೆಲವು ಸಂದರ್ಭಗಳಲ್ಲಿ ಜೀವರಕ್ಷಕ ಚಿಕಿತ್ಸೆಯನ್ನು ನಿಲ್ಲಿಸಬಹುದೆಂಬ ತತ್ವವನ್ನು ಒಪ್ಪಿತು. 2018ರ ಮಾರ್ಚ್ 9ರಂದು, ಕಾಮನ್ ಕಾಸ್ ಪ್ರಕರಣದಲ್ಲಿ, ಘನತೆಯಿಂದ ಸಾಯುವುದೂ ಬದುಕುವ ಹಕ್ಕಿನ ಭಾಗ ಎಂದಿತು. ಮುಂದೆ ತನಗೆ ಯಾವ ಚಿಕಿತ್ಸೆ ಬೇಡ ಎಂದು ಮೊದಲೇ ಬರೆದಿಡಬಹುದು ಎಂದಿತು. ಅದರ ವಿಧಾನ ತುಂಬ ಜಟಿಲವಾಗಿದ್ದರಿಂದ 2023ರ ಜನವರಿಯಲ್ಲಿ ಸರಳ ಮಾಡಿತು. ಇಬ್ಬರು ಸಾಕ್ಷಿಗಳ ಮುಂದೆ ಸಹಿ ಹಾಕಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. ಕರ್ನಾಟಕ ಸರ್ಕಾರ ಇದನ್ನು ಜಾರಿಗೆ ತರುವ ಆದೇಶ ಹೊರಡಿಸಿದ್ದು 2025ರ ಜನವರಿ 30ರಂದು.

ಈ ಮಾತನ್ನು ಮನೆಯಲ್ಲಿ ಹೇಗೆ ಎತ್ತುವುದೆಂದು ನಾನು ಹೆಣಗುತ್ತಿದ್ದಾಗ ಬಾಯಿಬಿಟ್ಟವರು ಅಮ್ಮ, ಬಿಡ್ತು ಅನ್ನಿಸಿದ್ದ ಅದೇ ಅಮ್ಮ. ಅವರೆಕಾಯಿ ಸುಲಿಯುತ್ತಾ, ನನ್ನ ಕಡೆ ನೋಡದೆ ಹೇಳಿದರು: "ನಿಮ್ಮಜ್ಜಿಗೆ ಕೊನೇ ಹನ್ನೊಂದು ದಿನ ಐಸಿಯುನಲ್ಲಿ ಕೈ ಕಟ್ಟಿದ್ರು. ಮೂಗಿನ ಪೈಪು ಕಿತ್ಕೊಳ್ತಾಳೆ ಅಂತ. ನಂಗೆ ಹಂಗೆ ಮಾಡ್ಬೇಡಿ." ಅಜ್ಜಿಯ ಮಂಚದ ಪಕ್ಕ ಆ ಹನ್ನೊಂದು ದಿನವೂ ಇದ್ದವರು ಅಮ್ಮ. ಅವರಿಗೆ ಏನು ಬೇಕೆಂದು ಹನ್ನೆರಡು ವರ್ಷದಿಂದ ಅವರಿಗೆ ಗೊತ್ತಿತ್ತು. ನಾವ್ಯಾರೂ ಕೇಳಿರಲಿಲ್ಲ.

ಅಪ್ಪನ ಭಯ ಬೇರೆ. "ಬರ್ದು ಕೊಟ್ಮೇಲೆ ಯಾರು ಕೇಳ್ತಾರೆ ನಮ್ಮನ್ನ?" ಈ ಭಯ ಸುಳ್ಳಲ್ಲ. ಬದುಕಿರುವಾಗಲೇ ದಾನಪತ್ರ ಮಾಡಿ ಬೀದಿಗೆ ಬಿದ್ದವರು ಇರುವುದರಿಂದಲೇ 2007ರ ಹಿರಿಯ ನಾಗರಿಕರ ಕಾಯ್ದೆ ಬಂದದ್ದು. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ಮಕ್ಕಳು ನೋಡಿಕೊಳ್ಳದಿದ್ದರೆ, ಅದರ 23ನೆಯ ಕಲಂ ಪ್ರಕಾರ ವಾಪಸ್ ಪಡೆಯಬಹುದು. ಆ ಷರತ್ತನ್ನು ಪತ್ರದಲ್ಲೇ ಸ್ಪಷ್ಟವಾಗಿ ಬರೆಸಬೇಕು. ಉಯಿಲಿನಲ್ಲಿ ಈ ಆತಂಕವೇ ಇಲ್ಲ. ಬರೆದವರು ಬದುಕಿರುವವರೆಗೆ ಆಸ್ತಿ ಅವರದೇ, ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು. ಇಬ್ಬರು ಸಾಕ್ಷಿಗಳ ಸಹಿ ಬೇಕು. ಛಾಪಾ ಕಾಗದ ಬೇಡ. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು. ಬ್ಯಾಂಕಿನ ನಾಮಿನಿ ಹಣ ತೆಗೆದುಕೊಳ್ಳುವವರು ಅಷ್ಟೇ, ಮಾಲೀಕರಲ್ಲ ಎಂಬುದು ಅಪ್ಪನಿಗೆ ಗೊತ್ತಿರಲಿಲ್ಲ. ಮುಸ್ಲಿಂ ಕುಟುಂಬಗಳಲ್ಲಿ ಉಯಿಲಿಗೆ ಸಾಮಾನ್ಯವಾಗಿ ಆಸ್ತಿಯ ಮೂರನೇ ಒಂದು ಭಾಗದ ಮಿತಿಯಿದೆ, ಕ್ರೈಸ್ತರಿಗೆ 1925ರ ಉತ್ತರಾಧಿಕಾರ ಕಾಯ್ದೆ ಅನ್ವಯಿಸುತ್ತದೆ. ಕಾನೂನು ಬೇರೆ ಬೇರೆ. ಕೇಳಲು ಹಿಂಜರಿಯುವ ಮಕ್ಕಳು ಎಲ್ಲ ಕಡೆ ಒಂದೇ.

ಮೂರನೆಯ ದಿನ ಆ ಕಾಗದವನ್ನು ಅಪ್ಪನ ಮುಂದಿಟ್ಟೆ. ಓದಿದರು. ಕನ್ನಡಕ ತೆಗೆದು ಒರೆಸಿಕೊಂಡರು. "ಅಕ್ಕಂಗೆ ಗೊತ್ತಾ ಇದು?"

"ಇಲ್ಲ."

ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ನೀನು ಹೇಳ್ಬೇಡ. ನಾನೇ ಹೇಳ್ತೀನಿ" ಅಂದರು.

ಹೇಳಿದ್ದು ಗೌರಿ ಹಬ್ಬದ ದಿನ. ಅದೇ ನಡುಮನೆ, ಅದೇ ಬಾಗಿನ. ದೊಡ್ಡಪ್ಪನನ್ನೂ ಕರೆದಿದ್ದರು. ಅಪ್ಪ ತಡವರಿಸುತ್ತಾ, ಆ ಕಾಗದ ನಡೆಯುವುದಿಲ್ಲವೆಂದೂ ಅವರ ಭಾಗ ಹಾಗೇ ಇದೆಯೆಂದೂ ಅತ್ತೆಗೆ ವಿವರಿಸಿದರು. ಬೇಕಾದರೆ ಕೊಡುತ್ತೇವೆ, ಬೇಡವಾದರೆ ಸರಿಯಾಗಿ ಬರೆಸಿಕೊಳ್ಳುತ್ತೇವೆ, ನೀನು ಹೇಳಿದ ಹಾಗೆ ಎಂದರು. ಅತ್ತೆ ಎಂದಿನಂತೆ "ನಂಗ್ಯಾತಕ್ಕೆ ಬಿಡು" ಅನ್ನುತ್ತಾರೆಂದು ನಾವೆಲ್ಲ ಕಾದಿದ್ದೆವು. ಅಪ್ಪನೂ ಅದಕ್ಕೇ ಕಾದಿದ್ದರೇನೋ.

ಅತ್ತೆ ಅರಿಶಿನದ ಕೈಯನ್ನು ಸೆರಗಿಗೆ ಒರೆಸಿಕೊಂಡು, "ನಾನು ಯೋಚ್ನೆ ಮಾಡಿ ಹೇಳ್ತೀನಿ ಕಣಪ್ಪ" ಅಂದರು.

ಇನ್ನೂ ಹೇಳಿಲ್ಲ. ಪೌತಿ ಖಾತೆಯ ಅರ್ಜಿ ತುಂಬಿಸಿ ಇಟ್ಟಿದ್ದೇವೆ. ವಂಶವೃಕ್ಷದಲ್ಲಿ ಮೂವರು ಮಕ್ಕಳ ಹೆಸರೂ ಇದೆ, ಅತ್ತೆಯದು ಎರಡನೆಯದು. ಕಾಯುತ್ತಿದ್ದೇವೆ.